ಕಪ್ಪಿನ ಮೇಲೆ ಹಳದಿ ಅಕ್ಷರ

ತಿರುಪ್ಪೂರು
14 ಜೂನ್ 2024

ಅಮ್ಮ,

ಕೈಬರಹ ಎಲ್ಲಿ ಹೋಯಿತು ಎಂದು ಬೈಯಬೇಡ. ಇದನ್ನು ಆಫೀಸಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದಿದ್ದೇನೆ. ಊಟದ ಬಿಡುವಿನಲ್ಲಿ ದಿನಕ್ಕೆ ನಾಲ್ಕು ಸಾಲಿನಂತೆ ಒಂದು ವಾರ ಹಿಡಿಯಿತು. ಒತ್ತಕ್ಷರ ಬಂದಾಗಲೆಲ್ಲ ಕೈ ನಿಲ್ಲುತ್ತದೆ. ಪಕ್ಕದ ಸೀಟಿನ ತಮಿಳ್‌ಸೆಲ್ವಿ ಅಕ್ಕ ಇಣುಕಿ ನೋಡಿ, “ಏನು ಪುಳ್ಳೆ, ಕೂತಲ್ಲೇ ಜಿಲೇಬಿ ಸುತ್ತುತ್ತಾ ಇದ್ದೀಯಾ?” ಎಂದು ನಕ್ಕರು. ಈ ಆಫೀಸಿನಲ್ಲಿ ನೀನು ನನಗೆ ಕಲಿಸಿದ ಅಕ್ಷರ ಓದಬಲ್ಲವರು ಒಬ್ಬರೂ ಇಲ್ಲ. ಅದೂ ಒಳ್ಳೆಯದೇ. ಏನು ಬೇಕಾದರೂ ಬರೆಯಬಹುದು.

ಕೆಲಸ ಏನೆಂದು ನೀನು ಕೇಳಿದ್ದೆ. ಬನಿಯನ್ನಿನ ಕತ್ತಿನ ಹತ್ತಿರ ಚಿಕ್ಕ ಪಟ್ಟಿ ಹೊಲಿದಿರುತ್ತದಲ್ಲ, ಅದೇ ಲೇಬಲ್. ಅಚ್ಚಾಗುವ ಮೊದಲು ಅದು ನನ್ನ ಪರದೆಗೆ ಬರುತ್ತದೆ. ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು, ಎಷ್ಟು ಬಿಸಿಯ ನೀರಿನಲ್ಲಿ ಒಗೆಯಬೇಕು, ಎಲ್ಲವೂ ಹತ್ತು ಹನ್ನೆರಡು ದೇಶದ ಭಾಷೆಗಳಲ್ಲಿ. ಬೈಯರ್, ಅಂದರೆ ಬಟ್ಟೆ ಕೊಳ್ಳುವ ಕಂಪನಿ, ಕಳಿಸಿದ ಆರ್ಡರಿನ ಜೊತೆ ಅಕ್ಷರ ಅಕ್ಷರ ಹೋಲಿಸಿ, ಸರಿಯಿದ್ದರೆ ಸಹಿ ಹಾಕಬೇಕು. ಮೊದಲ ಸಹಿ ನನ್ನದು, ಎರಡನೆಯದು ತಮಿಳ್‌ಸೆಲ್ವಿ ಅಕ್ಕನದು. ಓಡಾಟವಿಲ್ಲ, ಭಾರ ಎತ್ತುವುದಿಲ್ಲ. ಓದುವುದೇ ಕೆಲಸ.

ಮೊದಲ ವಾರ ಪರದೆ ನೋಡಿ ನೋಡಿ ತಲೆನೋವು ಬಂತು. ಮೇಲಿನ ಟ್ಯೂಬ್‌ಲೈಟು ಅದರಲ್ಲಿ ಬಿದ್ದು ಸಾಲುಗಳ ಮೇಲೆ ಬಿಳಿ ಪಟ್ಟೆಯಾಗಿ ನಿಲ್ಲುತ್ತಿತ್ತು. ಈಗ ಮಾನಿಟರನ್ನು ಬೇರೆ ಕಡೆ ತಿರುಗಿಸಿ, ಅಡಿಗೆ ಎರಡು ಲೇಬಲ್ ಡಬ್ಬ ಇಟ್ಟು ಎತ್ತರಿಸಿ, ಮುಖದ ಹತ್ತಿರಕ್ಕೆ ಎಳೆದುಕೊಂಡಿದ್ದೇನೆ. ಬಿಳಿ ಹಿನ್ನೆಲೆ ತೆಗೆದು ಕಪ್ಪು ಮಾಡಿದೆ, ಅದರ ಮೇಲೆ ಹಳದಿ ಅಕ್ಷರ. ತೆಳ್ಳಗಿದ್ದದ್ದನ್ನು ದಪ್ಪ ಮಾಡಿದೆ, ಸಾಲುಗಳ ನಡುವೆ ಜಾಗ ಬಿಟ್ಟೆ. “ಇದು ಕಂಪ್ಯೂಟರೋ, ಪಲ್ಲಡಂ ಬಸ್ಸಿನ ಬೋರ್ಡೋ?” ಎಂದು ಎಲ್ಲರೂ ಚೇಷ್ಟೆ ಮಾಡುತ್ತಾರೆ. ಮಾಡಲಿ. ಓದುವುದು ಸುಲಭವಾಗಿದೆ.

ಒಂದು ಮಾತು. ನೀನು ಬರೆಯುವಾಗ ದಪ್ಪನೆಯ ಕಪ್ಪು ಪೆನ್ನಿನಲ್ಲಿ, ಬಿಳಿ ಹಾಳೆಯ ಒಂದೇ ಬದಿಗೆ ಬರೆ. ಇಲ್ಲಿ ಸ್ಕ್ಯಾನರ್ ಇದೆ. ಅದರಲ್ಲಿ ಹಾಕಿ ನಿನ್ನ ಕೈಬರಹವನ್ನು ಪರದೆಯ ಮೇಲೆ ಅಷ್ಟಗಲ ಮಾಡಿ ಓದುತ್ತೇನೆ. ಬಾಲ್ ಪೆನ್ನಿನದು ಸ್ಕ್ಯಾನರಿಗೆ ಸರಿಯಾಗಿ ಬೀಳುವುದಿಲ್ಲ.

ಈ ತಿಂಗಳು ಆರ್ಡರ್ ಜಾಸ್ತಿ, ಭಾನುವಾರವೂ ರಜೆ ಇಲ್ಲ. ಮನೆಗೆ ಬರಲಾಗುವುದಿಲ್ಲ.

ನಿನ್ನ
ತೆನ್ಮೊಳಿ


ಸೂಲೂರು
23 ಜೂನ್ 2024

ಕಣ್ಣು ತೆನ್ಮೊಳಿ,

ಅಂಗಡಿಯವನಿಗೆ ದಪ್ಪ ಪೆನ್ನು ಕೊಡು ಎಂದರೆ ಮೂಟೆಯ ಮೇಲೆ ಹೆಸರು ಬರೆಯುವ ಮಾರ್ಕರ್ ಕೊಟ್ಟ. ಅದರಲ್ಲೇ ಬರೆಯುತ್ತಿದ್ದೇನೆ. ಸ್ಕ್ಯಾನರಿಗೇ ತಾನೇ?

ನಿನ್ನ ಕಾಗದ ಬಂದ ದಿನ ಮಗ್ಗ ನಿಲ್ಲಿಸಿ ಓದಿದೆ. ಅಪ್ಪ ಬೈದರೋ ಏನೋ, ನನಗೆ ಕೇಳಿಸಲಿಲ್ಲ. ಮೂವತ್ತು ವರ್ಷ ಪವರ್‌ಲೂಮಿನ ನಡುವೆ ನಿಂತು ಕಿವಿಯನ್ನು ಅದಕ್ಕೇ ಕೊಟ್ಟಾಯಿತು, ಈಗ ಈ ಒಂದು ಉಪಯೋಗ. ನೀನು ಭಾನುವಾರ ಫೋನ್ ಮಾಡುತ್ತೀಯ, ಅಪ್ಪ ಹತ್ತು ನಿಮಿಷ ಮಾತಾಡುತ್ತಾರೆ. ಏನಂತೆ ಎಂದು ನಾನು ಕೇಳಿದರೆ ಅಂಗೈ ಎತ್ತಿ ಒಂದು ಸಲ ಆಡಿಸುತ್ತಾರೆ. ಚೆನ್ನಾಗಿದ್ದಾಳೆ ಎಂದು ಅರ್ಥ. ಹತ್ತು ನಿಮಿಷದಲ್ಲಿ ನನ್ನ ಪಾಲಿಗೆ ಬರುವುದು ಅಷ್ಟೇ. ವೀಡಿಯೊ ಹಾಕಲು ಹೇಳಿ, ತುಟಿ ನೋಡಿ ತಿಳಿದುಕೊಳ್ಳುತ್ತೇನೆ ಎಂದರೆ ಹಾಸ್ಟೆಲಿನಲ್ಲಿ ಸಿಗ್ನಲ್ ಇಲ್ಲ ಎನ್ನುತ್ತೀಯಂತೆ.

ಅದಕ್ಕೇ ಕಾಗದ. ನಾನು ಕೊಳ್ಳೇಗಾಲದಲ್ಲಿ ಕನ್ನಡ ಏಳನೆಯ ಕ್ಲಾಸು ಓದಿ ಈ ಮನೆಗೆ ಬಂದವಳು. ತಮಿಳು ಬಾಯಿಗೆ ಬಂತು, ಕಣ್ಣಿಗೆ ಬರಲಿಲ್ಲ. ಅಪ್ಪನಿಗೆ ಮನೆಮಾತು ಕನ್ನಡವಾದರೂ ಒಂದಕ್ಷರ ಓದಲು ಬಾರದು. ನಿನ್ನ ತಂಗಿಗೆ ಕಲಿಸುವ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. ನಾನು ಬರೆದದ್ದನ್ನು ಓದುವವಳು ಇಡೀ ಊರಿನಲ್ಲಿ ನೀನೊಬ್ಬಳೇ ಇದ್ದೆ. ನಿನ್ನನ್ನೂ ತಿರುಪ್ಪೂರಿಗೆ ಕಳಿಸಿದೆ.

ನಿವೇತಾ ಹತ್ತನೆಯ ಕ್ಲಾಸು. ಇಡೀ ದಿನ ಪುಸ್ತಕ ಹಿಡಿದು ಜಗಲಿಯಲ್ಲೇ ಕೂತಿರುತ್ತಾಳೆ. ಒಳಗೆ ಬೆಳಕು ಸಾಲದಂತೆ.

ಒಂದೂವರೆ ಗಂಟೆಯ ಬಸ್ಸು. ನಾಲ್ಕು ತಿಂಗಳಾಯಿತು ನೀನು ಬಂದು.

ಅಮ್ಮ
ಬೆಳ್ಳಿಯಮ್ಮ


ಸೂಲೂರು
6 ಆಗಸ್ಟ್ 2024

ತೆನ್ಮೊಳಿ,

ಆಡಿ ಹದಿನೆಂಟರ ಹಬ್ಬಕ್ಕೆ ಒಬ್ಬಟ್ಟು ಮಾಡಿದ್ದೆ. ನೀನು ಬರುವುದಿಲ್ಲ ಎಂದು ಅಪ್ಪ ಕೈಸನ್ನೆ ಮಾಡಿದರು. ನಾನೇ ಡಬ್ಬಿ ಕಟ್ಟಿಕೊಂಡು ಸಾಯಂಕಾಲ ತಿರುಪ್ಪೂರಿಗೆ ಬಂದೆ. ಹೇಳದೆ ಬಂದದ್ದು ನನ್ನ ತಪ್ಪು.

ಹಾಸ್ಟೆಲಿನ ಗೇಟಿನ ಬಳಿ ನಿಂತಿದ್ದೆ. ಇನ್ನೂ ಬೆಳಕಿತ್ತು. ನೀನು ನಾಲ್ಕು ಹುಡುಗಿಯರ ಜೊತೆ ಬಂದೆ. ನಾನು ಕೈ ಎತ್ತಿದೆ. ನೀನು ನನ್ನ ಕಡೆ ನೋಡಿದೆ. ಐದು ಹೆಜ್ಜೆಯೂ ಇರಲಿಲ್ಲ. ನೋಡಿ, ಹಾಗೇ ಒಳಗೆ ಹೋದೆ.

ಕೂಗಬಹುದಿತ್ತು. ನನ್ನ ದನಿ ನನಗೇ ಕೇಳಿಸದ ಮೇಲೆ ಎಷ್ಟು ಜೋರಾಗಿ ಬರುತ್ತದೋ ಗೊತ್ತಾಗುವುದಿಲ್ಲ, ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಾರೆ. ನಿನ್ನ ಸಂಗಡದವರ ಮುಂದೆ ಬೇಡವೆಂದು ಸುಮ್ಮನಾದೆ. ಡಬ್ಬಿಯನ್ನು ವಾಚ್‌ಮನ್ ಕೈಗೆ ಕೊಟ್ಟು ಬಂದೆ.

ನಾಚಿಕೆಯಾಯಿತಾ ಕಣ್ಣು? ಆಗಿದ್ದರೆ ಹೇಳು. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಬೆಳ್ಳಿಯಮ್ಮ


ತಿರುಪ್ಪೂರು
19 ಆಗಸ್ಟ್ 2024

ಅಮ್ಮ,

ಹೌದು, ನೋಡಿದೆ. ಜೊತೆಯಲ್ಲಿ ಆಫೀಸಿನವರಿದ್ದರು. ನೀನು ಕೂಗಿ ಮಾತಾಡಿದರೆ ಎಲ್ಲರೂ ತಿರುಗಿ ನೋಡುತ್ತಾರೆ ಎಂದು ಹೆದರಿದೆ. ತಪ್ಪಾಯಿತು.

ಒಬ್ಬಟ್ಟು ತಿಂದೆ. ಇನ್ನು ಮುಂದೆ ಹೇಳದೆ ಬರಬೇಡ.

ತೆನ್ಮೊಳಿ


ತಿರುಪ್ಪೂರು
12 ಅಕ್ಟೋಬರ್ 2024

ಅಮ್ಮ,

ಆಗಸ್ಟಿನಲ್ಲಿ ಬರೆದದ್ದು ಸುಳ್ಳು. ನಾನು ನಿನ್ನನ್ನು ನೋಡಲಿಲ್ಲ. ಗೇಟಿನ ಬಳಿ ಯಾರೋ ಒಬ್ಬರು ನಿಂತಿದ್ದಾರೆ ಎಂದು ಮಾತ್ರ ಕಂಡಿತು. ಸೀರೆ ಕಂಡಿತು, ಎತ್ತಿದ ಕೈ ಕಂಡಿತು. ಮುಖವಿರಬೇಕಾದ ಕಡೆ ಏನೂ ಇರಲಿಲ್ಲ. ಡಬ್ಬಿ ಕೈಗೆ ಬಂದಾಗಲೂ ಯಾರ ಜೊತೆಯೋ ಕಳಿಸಿದ್ದೀಯ ಎಂದುಕೊಂಡೆ. ನಿನ್ನ ಕಾಗದ ಓದಿದ ಮೇಲೆಯೇ ಅದು ನೀನೆಂದು ಗೊತ್ತಾದದ್ದು.

ಎರಡು ವರ್ಷದಿಂದ ಇದು ನನಗೇ ಗೊತ್ತಾಗುತ್ತಿದೆ. ಏನನ್ನು ನೇರವಾಗಿ ನೋಡುತ್ತೇನೋ ಅದು ಅಳಿಸಿಹೋಗುತ್ತದೆ. ಅದರ ಸುತ್ತಲಿನದೆಲ್ಲ ಕಾಣುತ್ತದೆ. ಆದ್ದರಿಂದ ನಡೆಯುತ್ತೇನೆ, ಬಸ್ ಹತ್ತುತ್ತೇನೆ, ಬಟ್ಟೆ ಒಗೆಯುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ. ಒಂದು ಅಕ್ಷರ ಓದಬೇಕಾದರೆ ಅದನ್ನು ಬಿಟ್ಟು ಅದರ ಮೇಲಕ್ಕೆ ನೋಡಬೇಕು, ಆಗ ಓರೆಯಲ್ಲಿ ಬಂದು ನಿಲ್ಲುತ್ತದೆ. ಮಾನಿಟರನ್ನು ತಿರುಗಿಸಿದ್ದು ಟ್ಯೂಬ್‌ಲೈಟಿಗಲ್ಲ. ಬೇರೆಯವರ ಕಣ್ಣಿಗೆ ಬೀಳದಿರಲಿ ಎಂದು. ಜೂನಿನಲ್ಲಿ ಪರದೆಯ ತುಂಬ ಹತ್ತು ಸಾಲು ಹಿಡಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಮೂರು ಪದ. ಅಕ್ಷರ ದೊಡ್ಡದು ಮಾಡಿದ ಹಾಗೆಲ್ಲ ಸಾಲು ಪರದೆಯ ಆಚೆಗೆ ಹೋಗುತ್ತದೆ, ಅದನ್ನು ಎಳೆದು ತರುವಷ್ಟರಲ್ಲಿ ಹಿಂದಿನ ಪದ ಮರೆತಿರುತ್ತದೆ. ದೊಡ್ಡದು ಮಾಡುವುದಕ್ಕೂ ಒಂದು ಕೊನೆಯಿದೆ, ಅಮ್ಮ.

ತಮಿಳ್‌ಸೆಲ್ವಿ ಅಕ್ಕನಿಗೆ ಮಾತ್ರ ಹೇಳಿದ್ದೆ. ಅನುಮಾನ ಬಂದ ಕಡೆ ಅವರನ್ನು ಕೇಳುತ್ತಿದ್ದೆ, ಅವರು ಮೆಲ್ಲಗೆ ಓದಿ ಹೇಳುತ್ತಿದ್ದರು.

ಸೆಪ್ಟೆಂಬರ್ ಒಂಬತ್ತರಂದು ಅವರ ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನ್ ಬಂತು. ಒಂದು ಲೇಬಲ್ ಬಾಕಿಯಿತ್ತು. ಅವರು ನೋಡದೆಯೇ ಸಹಿ ಹಾಕಿ, “ನೀನು ಸರಿಯಾಗಿ ನೋಡಿಕೋ ಪುಳ್ಳೆ, ಸಂದೇಹ ಇದ್ದರೆ ನಾಳೆಗೆ ಇಡು” ಎಂದು ಓಡಿದರು. ನಾಳೆಗೆ ಇಡಬೇಕಿತ್ತು. ಮ್ಯಾನೇಜರ್ ಭೂಪತಿ ಸಾರ್ ಎರಡು ಸಲ ಬಂದು ಕೇಳಿದರು, ಸಂಜೆಯೇ ಅಚ್ಚಿಗೆ ಹೋಗಬೇಕಂತೆ. ಹತ್ತಿ 80 ಭಾಗ ಎಂದು ಲೇಬಲಿನಲ್ಲಿತ್ತು. ಆರ್ಡರಿನಲ್ಲಿ 60. ನನಗೆ ಎರಡರಲ್ಲೂ ಒಂದೇ ಸೊನ್ನೆ ಸುರುಳಿ ಕಂಡಿತು. ಸರಿಯಾಗಿದೆ ಎಂದೆ.

ಲೇಬಲ್ ಹೊಲಿದಾದ ಮೇಲೆ ಬೈಯರ್ ಕಡೆಯವರು ತಪ್ಪು ಹಿಡಿದರು. ಅಷ್ಟೂ ಉಡುಪಿನಿಂದ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಭೂಪತಿ ಸಾರ್ ನಮ್ಮಿಬ್ಬರನ್ನೂ ನಿಲ್ಲಿಸಿ ಆ ಹಾಳೆ ತೋರಿಸಿದರು.

“ಕಡೇಸಿಯಾ ನೋಡಿದ್ದು ಯಾರಮ್ಮಾ?”

ಕೆಳಗಿನ ಸಹಿ ತಮಿಳ್‌ಸೆಲ್ವಿ ಅಕ್ಕನದು. ಅವರು ನನ್ನ ಕಡೆ ತಿರುಗಿ ನಿಂತರು. ನಾನು ಮಾತಾಡಲಿ ಎಂದು ಕಾದರು ಎಂದು ಈಗ ಅನಿಸುತ್ತದೆ. ಆಮೇಲೆ “ನಾನ್‌ದಾನ್ ಸಾರ್”, ನಾನೇ ಎಂದರು. ಅಂದೇ ಅವರ ಲೆಕ್ಕ ಮುಗಿಸಿ ಕಳಿಸಿಬಿಟ್ಟರು. ಚೀಲ ಎತ್ತಿಕೊಳ್ಳುವಾಗಲೂ ಅಕ್ಕ ನನ್ನ ಕಣ್ಣಿನ ಮಾತು ಎತ್ತಲಿಲ್ಲ. ನಾನು ಪರದೆ ನೋಡುತ್ತಿರುವವಳ ಹಾಗೆ ಕೂತಿದ್ದೆ.

ಹನ್ನೆರಡು ದಿನ ಹಾಗೇ ಕೂತಿದ್ದೆ. ಹದಿಮೂರನೆಯ ದಿನ ಭೂಪತಿ ಸಾರ್ ಬಳಿ ಹೋಗಿ ಇದ್ದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. “ಇದನ್ನು ಸೇರುವಾಗಲೇ ಹೇಳಬೇಕಿತ್ತಲ್ಲಮ್ಮಾ” ಎಂದರು. ತಮಿಳ್‌ಸೆಲ್ವಿ ಅಕ್ಕನನ್ನು ವಾಪಸು ಕರೆಯಿರಿ ಎಂದು ಬೇಡಿಕೊಂಡೆ. ಅವರ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು. ಅಕ್ಕ ನೋಡದೆ ಸಹಿ ಹಾಕಿದ್ದಂತೂ ನಿಜ ತಾನೇ ಎಂದು ಸಾರ್ ಕೇಳಿದರು. ಕೆಲಸ ಬಿಡಲು ನನಗೆ ಈ ತಿಂಗಳ ಕೊನೆಯವರೆಗೆ ಟೈಮ್ ಕೊಟ್ಟಿದ್ದಾರೆ. ಅಕ್ಕನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ.

ಕಳೆದ ವಾರ ಒಬ್ಬಳೇ ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಹೋಗಿದ್ದೆ. ಕಣ್ಣಿನ ಹಿಂದಿನ ಪದರದ ನಡುಭಾಗ ಸವೆದಿದೆಯಂತೆ. ಕನ್ನಡಕದಿಂದ ಆಗುವುದಿಲ್ಲ, ಆಪರೇಷನ್ ಇಲ್ಲ, ಔಷಧಿ ಇಲ್ಲ. ಪೂರ್ತಿ ಕತ್ತಲಾಗುವುದಿಲ್ಲ, ಅಂಚು ಉಳಿಯುತ್ತದೆ ಎಂದರು. ಡಾಕ್ಟರ್ ಎರಡು ವಿಷಯ ಕೇಳಿದರು. ಅಪ್ಪ ಅಮ್ಮ ಸೊಂತದಲ್ಲೇ, ನೆಂಟರೊಳಗೇ ಮದುವೆಯಾದವರಾ? ಮನೆಯಲ್ಲಿ ಮೊದಲು ಯಾರಿಗಾದರೂ ಹೀಗಾಗಿತ್ತಾ?

ಮೊದಲನೆಯದಕ್ಕೆ ಹೌದು ಎಂದೆ. ಎರಡನೆಯದಕ್ಕೆ ಇಲ್ಲ ಎಂದೆ. ಇಲ್ಲ ತಾನೇ?

ತೆನ್ಮೊಳಿ


ಸೂಲೂರು
27 ಅಕ್ಟೋಬರ್ 2024

ತೆನ್ಮೊಳಿ,

ಇದೆ.

ನನಗೆ ಗುರುಸಾಮಿ ಎಂದು ಒಬ್ಬ ಅಣ್ಣನಿದ್ದ. ನಿನಗೆ ಅವನ ಹೆಸರು ಹೇಳಿಲ್ಲ. ಶಾಲೆಯಲ್ಲಿ ಬೋರ್ಡು ಓದದಿದ್ದದ್ದಕ್ಕೆ ಏಟು ತಿಂದ. ಇಪ್ಪತ್ತು ದಾಟುವ ಹೊತ್ತಿಗೆ ಮಗ್ಗದಲ್ಲಿ ಕಡಿದ ಎಳೆ ಹುಡುಕಲು ಆಗುತ್ತಿರಲಿಲ್ಲ. ಎದುರು ನಿಂತವರನ್ನು ನೋಡಬೇಕಾದರೆ ಅವರ ತಲೆಯ ಮೇಲಕ್ಕೆ ನೋಡುತ್ತಿದ್ದ. ಸೊಕ್ಕು ಎಂದರು ಜನ. ಹೆಂಗಸರನ್ನು ಓರೆಗಣ್ಣಿನಲ್ಲಿ ನೋಡುತ್ತಾನೆ ಎಂದೂ ಹೇಳಿ ಒಮ್ಮೆ ಹೊಡೆದರು. ಅವನು ಹೇಗೆ ಹೋದ ಎಂಬುದನ್ನು ನಾನು ನಿನಗೆ ಬರೆಯುವುದಿಲ್ಲ.

ಅದಾದ ಮರುವರ್ಷ ನನ್ನನ್ನು ಸೋದರತ್ತೆಯ ಮಗನಿಗೆ ಕೊಟ್ಟರು. ನಿನ್ನ ಅಪ್ಪನಿಗೂ ಎಲ್ಲ ಗೊತ್ತು, ಅವನು ಅವರಿಗೆ ಸೋದರಮಾವನ ಮಗನೇ ಅಲ್ಲವೇ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಂದು ಸಲವೂ ಆ ಮಾತು ಎತ್ತಲಿಲ್ಲ. ನನಗೆ ಕಿವಿ ಕೇಳಿಸದಿರುವುದು ಇಬ್ಬರಿಗೂ ಅನುಕೂಲವಾಯಿತು.

ನಿನಗೆ ಆಗ ಒಂಬತ್ತು ವರ್ಷ. ಮಗ್ಗದಲ್ಲಿ ಎಳೆ ಕಡಿದರೆ ಮೊದಲು ನೀನೇ ನೋಡಿ ನನ್ನ ಸೀರೆ ಎಳೆಯುತ್ತಿದ್ದೆ. ಒಂದು ದಿನ ಎಳೆ ಕಡಿದಿದ್ದರೂ ನೀನು ಅದರ ಮೇಲಕ್ಕೆ ನೋಡುತ್ತಾ ನಿಂತಿದ್ದೆ. ಆ ನೋಟ ನನಗೆ ಗೊತ್ತಿತ್ತು. ಅಂದಿನಿಂದ ಕಣ್ಣಿಗೆ ಒಳ್ಳೆಯದೆಂದು ನಿನಗೆ ಹೊನಗೊನ್ನೆ ಸೊಪ್ಪು ತಿನ್ನಿಸಿದೆ. ಬೇರೇನೂ ಮಾಡಲಿಲ್ಲ. ಯಾರಿಗೂ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ಬಂದೇಬಿಡುತ್ತದೆ, ಹೇಳದಿದ್ದರೆ ದಾರಿ ತಪ್ಪಿ ಹೋಗಬಹುದು ಎಂದುಕೊಂಡೆ. ಓದಿದವಳಲ್ಲ ನಾನು. ಆದರೆ ಓದಿಲ್ಲ ಎಂಬುದೂ ಒಂದು ನೆಪವೇ.

ದಪ್ಪ ಪೆನ್ನು ಕೇಳಿದ ದಿನವೇ ಹೆದರಿದೆ. ನೋಡಲೇಬೇಕು ಎಂದು ಒಬ್ಬಟ್ಟಿನ ನೆಪ ಮಾಡಿಕೊಂಡು ಬಂದೆ. ಗೇಟಿನ ಬಳಿ ನೀನು ನನ್ನ ತಲೆಯ ಮೇಲಕ್ಕೆ ನೋಡಿದಾಗ ತಿಳಿಯಿತು. ಆದರೂ ಮನೆಗೆ ಬಂದು, ನಾಚಿಕೆಯಾಯಿತಾ ಎಂದು ಬರೆದೆ. ಹಾಗಿರಲಿ ದೇವರೇ, ನನ್ನ ಮಗಳಿಗೆ ನನ್ನನ್ನು ಕಂಡರೆ ನಾಚಿಕೆ ಎಂದೇ ಇರಲಿ ಎಂದು ಬೇಡಿಕೊಂಡೆ. ನೀನು ಹೌದು ಎಂದು ಬರೆದಾಗ ಆ ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡೆ. ಎರಡು ತಿಂಗಳು ನೆಮ್ಮದಿಯಾಗಿದ್ದೆ.

ಮನೆಗೆ ಬಾ. ಇಲ್ಲಿ ನೀನು ನನ್ನ ಮುಖ ನೋಡಬೇಕಾಗಿಲ್ಲ, ನಾನು ಮಾತಾಡುತ್ತೇನೆ, ನೀನು ಕೇಳು.

ಬೆಳ್ಳಿಯಮ್ಮ


ತಿರುಪ್ಪೂರು
24 ನವೆಂಬರ್ 2024

ಅಮ್ಮ,

ಹದಿನೈದು ವರ್ಷ.

ಮೊದಲೇ ಗೊತ್ತಿದ್ದರೂ ಔಷಧಿ ಇರಲಿಲ್ಲ ಎಂದು ನೀನು ಹೇಳಬಹುದು. ನಿಜ. ಆದರೆ ಗೊತ್ತಿದ್ದರೆ ನಾನು ಓದುವ ಕೆಲಸವನ್ನೇ ಹುಡುಕಿಕೊಂಡು ಹೋಗುತ್ತಿರಲಿಲ್ಲ. ತಮಿಳ್‌ಸೆಲ್ವಿ ಅಕ್ಕ ಇವತ್ತು ತನ್ನ ಸೀಟಿನಲ್ಲಿ ಕೂತಿರುತ್ತಿದ್ದರು. ಅವರ ಮನೆ ಹುಡುಕಿಕೊಂಡು ಹೋಗಿದ್ದೆ. ಬಾಗಿಲು ತೆಗೆದರು. ಯಾರೆಂದು ದನಿಯಿಂದ ಗೊತ್ತಾಗಬೇಕಲ್ಲ, ಕಾದೆ. ಅವರು ಮಾತಾಡಲಿಲ್ಲ. ಬಾಗಿಲು ಮುಚ್ಚಿದ ಸದ್ದಾಯಿತು. ಅವರೇ ಇರಬೇಕು.

ಆಫೀಸು ಬಿಟ್ಟೆ. ಈಗ ಬೇರೆ ಕಡೆ ಟೀ ಶರ್ಟ್ ಮಡಚುವ ಕೆಲಸ. ಕೈಗೇ ತಿಳಿಯುತ್ತದೆ, ನೋಡಬೇಕಾಗಿಲ್ಲ. ಮನೆಗೆ ಬರುವುದಿಲ್ಲ. ಅಪ್ಪನಿಗೆ ಏನು ಹೇಳಬೇಕೋ ನೀನೇ ಹೇಳು, ಇಲ್ಲದಿದ್ದರೆ ಎಂದಿನ ಹಾಗೆ ಸುಮ್ಮನಿರಿ.

ಇನ್ನು ನನಗೆ ಮಾನಿಟರ್ ಇಲ್ಲ. ಇದನ್ನು ಬ್ರೌಸಿಂಗ್ ಸೆಂಟರಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಅಲ್ಲಿನ ಕಂಪ್ಯೂಟರಿನ ಬಣ್ಣ ಬದಲಿಸಲು ಬಿಡುವುದಿಲ್ಲ, ಬಿಳಿಯ ಮೇಲೆ ಏನು ಮೂಡುತ್ತಿದೆ ಎಂದು ನನಗೆ ಕಾಣುತ್ತಿಲ್ಲ. ಬೆರಳಿನ ಅಭ್ಯಾಸದಿಂದ ಬರೆದಿದ್ದೇನೆ. ತಪ್ಪಿದ್ದರೆ ಓದಿಕೊ.

ಒಂದೇ ಕೆಲಸ ಮಾಡು. ನಿವೇತಾ ಜಗಲಿಯಲ್ಲಿ ಕೂತು ಓದುವುದು ಒಳಗೆ ಬೆಳಕಿಲ್ಲದ್ದಕ್ಕಲ್ಲ. ಫೋನಿನಲ್ಲಿ ಕೇಳಿದೆ. “ಬೋರ್ಡಲ್ಲಿ ನಡುವೆ ಇರೋ ಎಳುತ್ತು ಕಾಣಲ್ಲ ಅಕ್ಕಾ, ಪಕ್ಕದಲ್ಲಿರೋದು ಕಾಣ್ತದೆ” ಎಂದಳು. ನಗುತ್ತಾ ಹೇಳಿದಳು. ಅವಳನ್ನು ಕೊಯಮತ್ತೂರಿಗೆ ಕರೆದುಕೊಂಡು ಹೋಗು. ಸೊಪ್ಪು ತಿನ್ನಿಸಬೇಡ.

ಬರೆಯುವುದಾದರೆ ಅಂಗೈಯಷ್ಟು ದೊಡ್ಡದಾಗಿ ಬರೆ. ಹಗಲು ಮಹಡಿಯ ಮೇಲೆ ಬಿಸಿಲಿನಲ್ಲಿ ಹಿಡಿದು ಓದಲು ನೋಡುತ್ತೇನೆ.

ತೆನ್ಮೊಳಿ


ಸೂಲೂರು
20 ಜನವರಿ 2025

ತೆನ್ಮೊಳಿ,

ಹಾಳೆಗೆ ಐದು ಸಾಲು. ಎಷ್ಟು ಹಾಳೆಯಾಗುತ್ತದೋ ಗೊತ್ತಿಲ್ಲ. ಮೇಲೆ ನಂಬರ್ ಹಾಕಿದ್ದೇನೆ, ಕಲೆಸಿಹೋದರೆ ನೋಡಿಕೊ.

ಪೊಂಗಲ್ ಕಳೆದ ಮೇಲೆ ಕೊಯಮತ್ತೂರಿಗೆ ಹೋಗಿ ಬಂದೆವು. ಅಪ್ಪ ಬರಲಿಲ್ಲ. ಬಸ್ ಸ್ಟಾಂಡಿನವರೆಗೆ ಬಂದು, ಟಿಕೆಟ್ಟಿಗೆ ನಿವೇತಾಳ ಕೈಯಲ್ಲಿ ದುಡ್ಡು ಕೊಟ್ಟು, ನನ್ನ ಮುಖ ನೋಡದೆ ತಿರುಗಿ ಹೋದರು.

ನಿನ್ನ ಕಣ್ಣಿನ ವಿಷಯ ನಿವೇತಾಗೆ ಗೊತ್ತಾಗಿತ್ತು. ಡಾಕ್ಟರು ಏನೇ ಹೇಳಿದರೂ ನಾನೊಬ್ಬಳೇ ಕೇಳಿಸಿಕೊಂಡು, ಪರೀಕ್ಷೆ ಮುಗಿಯುವವರೆಗೆ ಅವಳಿಗೆ ತಿಳಿಯದ ಹಾಗೆ ಇಟ್ಟುಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡೆ. ಬೈಯಬೇಡ. ಆಮೇಲೆ ಹೇಳುತ್ತಿದ್ದೆ. ನಿಜವಾಗಿ ಹೇಳುತ್ತಿದ್ದೆ.

ಕಣ್ಣಿಗೆ ಹನಿ ಹಾಕಿ ಎರಡು ಗಂಟೆ ಕೂರಿಸಿದರು. ಯಾವುದೋ ಯಂತ್ರದಲ್ಲಿ ಗದ್ದ ಇಡಿಸಿ ಫೋಟೊ ತೆಗೆದರು. ಆಮೇಲೆ ಒಳಗೆ ಕರೆದರು. ಡಾಕ್ಟರು ಹೆಣ್ಣುಮಗಳು, ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕಂಪ್ಯೂಟರಿನಲ್ಲಿ ನಿವೇತಾಳ ಕಣ್ಣಿನ ಚಿತ್ರವಿತ್ತು. ಕಿತ್ತಳೆ ಬಣ್ಣದ ದೊಡ್ಡ ಗೋಲ. ಅದರ ನಡುವೆ ಬೆರಳಿಟ್ಟು ನನಗೆ ತುಂಬ ಹೊತ್ತು ಏನೋ ಹೇಳಿದಳು. ಮುಖಕ್ಕೆ ಮಾಸ್ಕ್ ಇತ್ತು. ತುಟಿ ಕಾಣಲಿಲ್ಲ.

ನಾನು ಕಿವಿ ಮುಟ್ಟಿ ತೋರಿಸಿದೆ. ಅವಳು ಒಂದು ಹಾಳೆಯಲ್ಲಿ ತಮಿಳಿನಲ್ಲಿ ಬರೆದು ನನ್ನ ಮುಂದಿಟ್ಟಳು. ಓದಲು ಬಾರದು ಎಂದು ತಲೆಯಾಡಿಸಿದೆ. ಆಚೆ ಯಾರಾದರೂ ದೊಡ್ಡವರು ಬಂದಿದ್ದಾರಾ ಎಂದು ಬಾಗಿಲ ಕಡೆ ಕೈ ತೋರಿಸಿ ಕೇಳಿದಳು. ಯಾರೂ ಇಲ್ಲ ಎಂದೆ. ಜೋರಾಗಿಯೇ ಹೇಳಿರಬೇಕು, ಅವಳು ಬೆಚ್ಚಿದಳು. ಆಮೇಲೆ ಪೆನ್ನು ಕೆಳಗಿಟ್ಟಳು. ಕೊನೆಗೆ ಕುರ್ಚಿ ತಿರುಗಿಸಿ ನಿವೇತಾಳ ಜೊತೆ ಮಾತಾಡಿದಳು.

ನಿವೇತಾ ಕೇಳಿಸಿಕೊಂಡಳು. ಎರಡು ಸಲ ತಲೆಯಾಡಿಸಿದಳು. ಏನೋ ಒಂದು ಕೇಳಿದಳು, ಡಾಕ್ಟರು ಅದಕ್ಕೆ ಇಲ್ಲ ಎನ್ನುವ ಹಾಗೆ ಕೈಯಾಡಿಸಿದಳು.

ಆಮೇಲೆ ನಿವೇತಾ ನನ್ನ ಕಡೆ ತಿರುಗಿದಳು. ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ಮಾಡಿಕೊಂಡಳು. ತುಟಿಗಳನ್ನು ನಿಧಾನವಾಗಿ ಆಡಿಸುತ್ತಾ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು.

“ಅಕ್ಕಂಗೆ ಬಂದದ್ದೇ ನಂಗೂ ಬಂದಿದೆಯಂತೆ, ಅಮ್ಮಾ.”

ನನಗೆ ಮೊದಲ ಸಲವೇ ಅರ್ಥವಾಯಿತು. ಅರ್ಥವಾಗದವಳ ಹಾಗೆ ನೋಡುತ್ತಾ ಕೂತೆ.

ಅವಳು ಮತ್ತೊಮ್ಮೆ ಹೇಳಿದಳು, ಇನ್ನೂ ನಿಧಾನವಾಗಿ.

ಅಮ್ಮ